ಅಕ್ಕನ ಮಗಳು ನಮ್ಮಲ್ಲಿಗೆ ಬಂದಿದ್ದಾಳೆ, ಈಗ ನಮ್ಮ ಮಕ್ಕಳದ್ದೇ ತಲೆಬಿಸಿ. ಅನುಭವ ಇದ್ದವರು ಹೇಳಿ

ಅಡ್ಕದಮನೆ (ಬದಿಯಡ್ಕ ಹತ್ತಿರ, ಕಾಸರಗೋಡು)

ಎಲ್ಲರಿಗೂ ನಮಸ್ಕಾರ. ಬರೆದದ್ದು ಉದ್ದ ಆಗಿದೆ, ಪುರುಸೊತ್ತು ಇದ್ದವರು ಓದಿ.

ನಮಗೆ ಇಬ್ಬರು ಮಕ್ಕಳು. ಮಗ ಆರನೇ ಕ್ಲಾಸು, ಮಗಳು ಒಂದನೇ ಕ್ಲಾಸು. ಮಳೆಗಾಲ ಸುರುವಾಗುವ ಹೊತ್ತಿಗೆ ನನ್ನ ಅಕ್ಕ, ಭಾವ ಇಬ್ಬರೂ ಶಿರಾಡಿ ಘಾಟಿಯಲ್ಲಿ ಕಾರು ಅಪಘಾತದಲ್ಲಿ ತೀರಿಹೋದರು. ಹಿಂದಿನ ಸೀಟಿನಲ್ಲಿದ್ದ ಅವರ ಮಗಳು ಉಳಿದಳು. ಒಂಬತ್ತು ವರ್ಷ. ಕೈಗೆ ಪ್ಲಾಸ್ಟರ್ ಹಾಕಿದ್ದು ಬಿಟ್ಟರೆ ಹೇಳುವಂಥ ಗಾಯ ಇಲ್ಲ. ಭಾವನ ಅಮ್ಮನಿಗೆ ಎಂಬತ್ತು ದಾಟಿದೆ, ಅವರಿಂದ ಆಗುವುದಿಲ್ಲ. ಹಾಗಾಗಿ ಅವಳು ನಮ್ಮಲ್ಲಿಗೇ ಬಂದಳು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಳೆದ ಮಗು. ಇಲ್ಲಿ ತೋಟ, ಗುಡ್ಡ, ಕರೆಂಟು ಹೋದರೆ ಕಣ್ಣಿಗೆ ಕೈ ಕಾಣದ ಕತ್ತಲೆ.

ಅವಳ ವಿಷಯ ನನಗೆ ಸ್ವಲ್ಪ ಅರ್ಥ ಆಗ್ತದೆ. ರಾತ್ರಿ ಎದ್ದು ಬಂದು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು, ನಾವು ಉಸಿರಾಡ್ತಾ ಇದ್ದೇವಾ ಎಂದು ನೋಡ್ತಾಳೆ. ಇವರು ಪೇಟೆಗೆ ಹೋಗಲಿಕ್ಕೆ ಸ್ಕೂಟರ್ ತೆಗೆದರೆ "ಚಿಕ್ಕಪ್ಪ, ಎಷ್ಟು ಗಂಟೆಗೆ ಬರ್ತೀರಿ" ಎಂದು ಕೇಳಿ ಗಡಿಯಾರದ ಎದುರು ಕೂತುಬಿಡ್ತಾಳೆ. ಕಾರು, ರಿಕ್ಷಾ ಹತ್ತುವುದೇ ಇಲ್ಲ. ಶಾಲೆ ಚೀಲದ ಒಳಜಿಪ್ಪಿನಲ್ಲಿ ದೋಸೆ ತುಂಡು, ಬಿಸ್ಕೆಟು, ಒಂದು ಸಲ ಹಲಸಿನ ಹಪ್ಪಳ. ಇರುವೆ ಮುತ್ತಿದ ಮೇಲೆ ಗೊತ್ತಾಯ್ತು. ನಾನು ಏನೂ ಹೇಳಲಿಲ್ಲ.

ನನ್ನ ಪ್ರಶ್ನೆ ನನ್ನ ಮಕ್ಕಳದ್ದು. ಮಗನ ಕೋಣೆಯನ್ನು ಅವಳಿಗೆ ಕೊಟ್ಟೆವು, ಅವನು ಚಾವಡಿಯಲ್ಲಿ ಅಜ್ಜನ ಜೊತೆ ಮಲಗುವುದು. ಸುರುವಿಗೆ ಅವನೇ ಕುಶಿಯಲ್ಲಿ ಬಿಟ್ಟುಕೊಟ್ಟದ್ದು. ಈಗ ಶಾಲೆ ಬಿಟ್ಟರೆ ಮನೆಗೆ ಬರುವುದಿಲ್ಲ, ಕತ್ತಲಾಗುವವರೆಗೆ ಗದ್ದೆಯಲ್ಲಿ ಕ್ರಿಕೆಟ್. ಮೊನ್ನೆ ಊಟಕ್ಕೆ ಕೂತಲ್ಲಿ ಎಲ್ಲರ ಎದುರು ಕೇಳಿದ: "ಇವಳು ವಾಪಸು ಹೋಗುವುದು ಯಾವಾಗ?" ಅವಳು ಎದ್ದು ತನ್ನ ಬಟ್ಟಲನ್ನು ತೊಳೆದು ಕವುಚಿಟ್ಟು ಒಳಗೆ ಹೋದಳು. ಅಜ್ಜ ಅವನಿಗೆ ಸಮಾ ಜೋರು ಮಾಡಿದರು. ಅದಕ್ಕೆ ಅವನು, "ಅವಳು ಎಂತ ಮಾಡಿದರೂ ಯಾರೂ ಎಂತ ಹೇಳುವುದಿಲ್ಲ, ನಾನು ಬಾಯಿ ಬಿಟ್ಟರೆ ಸಾಕು" ಎಂದ.

ಸಣ್ಣವಳು ಪುನಃ ಹಾಸಿಗೆ ಒದ್ದೆ ಮಾಡಲಿಕ್ಕೆ ಸುರು ಮಾಡಿದ್ದಾಳೆ. ಅದಕ್ಕಿಂತ ಹೆದರಿಕೆ ಆದದ್ದು ಅವಳ ಆಟ ನೋಡಿ. ತೆಂಗಿನ ಗೆರಟೆಯನ್ನು ಕಾರು ಮಾಡಿ ಜಗಲಿಯ ಮೆಟ್ಟಿಲಿನಿಂದ ಕೆಳಗೆ ದೂಡುವುದು, "ಎಲ್ಲರೂ ಸತ್ತು ಹೋದರು" ಎನ್ನುವುದು. ನಾನು ಅಡುಗೆಕೋಣೆಯಿಂದ ಓಡಿ ಬರುವಷ್ಟರಲ್ಲಿ ದೊಡ್ಡವಳೂ ಅಲ್ಲಿ ಕೂತು ಆಡ್ತಾ ಇದ್ದಾಳೆ! ಎರಡನೇ ಗೆರಟೆ ಅವಳೇ ತಂದದ್ದು. ಗೆರಟೆ ಕಸಿದು ಹಟ್ಟಿಯ ಹಿಂದೆ ಬಿಸಾಡಿದೆ. ಎದೆ ಡವಡವ ಹೊಡೆದುಕೊಳ್ತಿತ್ತು.

ಸಂಬಂಧಿಕರು ಬರ್ತಾರೆ, ಅವಳನ್ನು ಹತ್ತಿರ ಎಳೆದು ಕಣ್ಣೀರು ಹಾಕಿ ಕೂಗ್ತಾರೆ, ಅವಳ ಕೈಗೆ ಮಾತ್ರ ಚಾಕಲೇಟು ಕೊಟ್ಟು ಹೋಗ್ತಾರೆ. ನನ್ನವರಿಬ್ಬರು ಕಂಬದ ಹತ್ತಿರ ನಿಂತು ನೋಡುವುದು.

ಯಾರಿಗೆ ಎಷ್ಟು ಕೊಡುವುದು, ಎಂತ ಹೇಳುವುದು, ಎಂತ ಹೇಳದೆ ಇರುವುದು?

ಕುಂಬಳೆಟೀಚರ್ (ಕುಂಬಳೆ, ಕಾಸರಗೋಡು)

ಅಕ್ಕನ ವಿಷಯ ಓದಿ ಬಹಳ ಬೇಜಾರಾಯ್ತು.

ನಾನು ಕನ್ನಡ ಮಾಧ್ಯಮದಲ್ಲಿ ಸಣ್ಣ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುವವಳು. ಒಂದು ಮಾತು ಕೇಳಲಾ? ನಿಮ್ಮ ಮಗ ಕೇಳಿದ ಪ್ರಶ್ನೆಗೆ ಆ ದಿವಸ ಯಾರಾದರೂ ಉತ್ತರ ಕೊಟ್ಟಿರಾ? ನೀವು ಬರೆದದ್ದರಲ್ಲಿ ಜೋರು ಮಾಡಿದ್ದು ಉಂಟು, ಉತ್ತರ ಇಲ್ಲ.

ಅದೇ ಪ್ರಶ್ನೆ ಆ ಹುಡುಗಿಯ ಹೊಟ್ಟೆಯಲ್ಲಿಯೂ ಇದ್ದೀತು. ಅವಳಿಗೆ ಕೇಳಲಿಕ್ಕೆ ಧೈರ್ಯ ಇಲ್ಲ, ಇವನಿಗೆ ಇತ್ತು, ಅಷ್ಟೆ ವ್ಯತ್ಯಾಸ. "ಸದ್ಯಕ್ಕೆ ಇಲ್ಲಿ ಇರಲಿ", "ಮತ್ತೆ ನೋಡುವ" ಎಂದು ದೊಡ್ಡವರು ಫೋನಿನಲ್ಲಿ ಮಾತಾಡುವುದು ಮಕ್ಕಳ ಕಿವಿಗೆ ಬೀಳದೆ ಇರುವುದಿಲ್ಲ. ನೀವೂ ನಿಮ್ಮವರೂ ನಿಶ್ಚಯ ಮಾಡಿ ಆಗಿದ್ದರೆ ಮೂವರನ್ನೂ ಒಟ್ಟಿಗೆ ಕೂರಿಸಿ ಹೇಳಿಬಿಡಿ, ಇವಳು ವಾಪಸು ಹೋಗುವುದಿಲ್ಲ, ಇದೇ ಅವಳ ಮನೆ ಅಂತ. ಮಗನಿಗೆ ಅದು ಇಷ್ಟ ಆಗಬೇಕೆಂದಿಲ್ಲ. ಮುಖ ಊದಿಸಿಯಾನು, ಊದಿಸಲಿ. ಗೊತ್ತಿಲ್ಲದೆ ದಿನ ಲೆಕ್ಕ ಹಾಕುವುದಕ್ಕಿಂತ ಅದು ಸಾವಿರ ಪಾಲು ವಾಸಿ.

ಇನ್ನು ಅವನ ದೂರು. ಎಂತ ಮಾಡಿದರೂ ಅವಳಿಗೆ ಹೇಳುವುದಿಲ್ಲ ಎಂದ ಅಲ್ವಾ? ಅದು ಹೊಟ್ಟೆಕಿಚ್ಚಿನ ಮಾತು ಎಂದು ನನಗೆ ಕಾಣುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾನೆ. ನಮ್ಮ ಕ್ಲಾಸಿನಲ್ಲಿಯೂ ಹಾಗೇ, ಅಪ್ಪ ತೀರಿಕೊಂಡ ಮಗುವಿಗೆ ಮೇಷ್ಟ್ರುಗಳು ಹೋಮ್‌ವರ್ಕ್ ಕೇಳುವುದನ್ನು ಬಿಟ್ಟರೆ ತಿಂಗಳೊಳಗೆ ಉಳಿದ ಮಕ್ಕಳು ಅದನ್ನು ಆಟಕ್ಕೆ ಸೇರಿಸುವುದಿಲ್ಲ. ಬಟ್ಟಲು ತೆಗೆಯುವುದು, ಹಾಸಿಗೆ ಮಡಚುವುದು, ಟಿವಿಯ ಹೊತ್ತು, ಇದೆಲ್ಲ ಮೂವರಿಗೂ ಒಂದೇ ಇರಲಿ. ರಾತ್ರಿ ಏಳುವುದು, ಕಾರು ಹತ್ತದೆ ಇರುವುದು ಬೇರೆ. ಅದಕ್ಕೆ ಕಾರಣ ಉಂಟು, ಆ ಕಾರಣವನ್ನು ಮಗನಿಗೂ ಹೇಳಿ. ಹನ್ನೊಂದು ವರ್ಷದವನಿಗೆ ಅರ್ಥ ಆಗ್ತದೆ.

ಗೆರಟೆ ಆಟದ ಬಗ್ಗೆ ಗೊತ್ತಿರುವವರು ಬರೆಯಲಿ. ನಾನಾದರೆ ಬಿಸಾಡುತ್ತಿರಲಿಲ್ಲ.

ಪೆರ್ಲದವ (ಪೆರ್ಲ, ಕಾಸರಗೋಡು)

ಟೀಚರ್ ಹೇಳಿದ್ದು ಸರಿಯೇ, ಆದರೆ ಎಲ್ಲವನ್ನೂ ಮಕ್ಕಳ ಹತ್ತಿರ ಮಾತಾಡಿ ತೀರಿಸಲಿಕ್ಕೆ ಆಗ್ತದಾ ಮಾರಾಯ್ರೇ? ನಮ್ಮ ಕಾಲದಲ್ಲಿ ಒಂದೊಂದು ಮನೆಯಲ್ಲಿ ಹತ್ತು ಹದಿನೈದು ಮಕ್ಕಳು. ಯಾರ ಮಗ ಯಾರು ಎಂದು ಅಜ್ಜಿಗೂ ಗೊತ್ತಿರಲಿಲ್ಲ. ಗಂಜಿ ಬಡಿಸಿದರೆ ಉಂಡು ಮಲಗುವುದು. ಹುಡುಗಿಗೆ ಹೆದರಿಕೆ ಹಿಡಿದಿದೆ. ತಿಳಿದವರ ಹತ್ತಿರ ಒಂದು ನೂಲು ಕಟ್ಟಿಸಿ, ಒಂಚೂರು ಧೈರ್ಯ ಬರಲಿ. ಮತ್ತೆ ಬರುವ ವರ್ಷ ಐದನೇ ಕ್ಲಾಸಿನಲ್ಲಿರುವಾಗ ನವೋದಯದ ಪರೀಕ್ಷೆ ಬರೆಸಿ. ಪೆರಿಯದಲ್ಲಿ ಒಳ್ಳೆ ಶಾಲೆ ಉಂಟು, ಆರನೇ ಕ್ಲಾಸಿನಿಂದ ಹಾಸ್ಟೆಲು, ಖರ್ಚಿಲ್ಲ. ನಿಮ್ಮ ಮಕ್ಕಳಿಗೂ ನೆಮ್ಮದಿ.

ಗಡಿಯಾಚೆ (ತಾಳವಾಡಿ, ಈರೋಡು ಜಿಲ್ಲೆ)

ಪೆರ್ಲದವರೇ, ಗಂಜಿ ಉಂಡು ಮಲಗಿದ ಹತ್ತು ಮಕ್ಕಳಲ್ಲಿ ಎಷ್ಟು ಜನ ನಿದ್ದೆ ಮಾಡಿದ್ರು ಅಂತ ಯಾರಾದ್ರೂ ಎಣಿಸಿದ್ರಾ?

ನಾನು ಬರೀತಿರೋದು ಮನೇಲಿದ್ದ ಮಗು ಕಡೆಯಿಂದ. ತೊಂಬತ್ತರ ದಶಕ, ವೀರಪ್ಪನ್ ಹುಡುಕಾಟ ನಡೀತಿದ್ದ ಕಾಲ. ನಮ್ಮ ಸೋದರತ್ತೆ ಕಾಡಂಚಿನ ಊರಲ್ಲಿದ್ರು. ಅವರನ್ನ ವಿಚಾರಣೆ ಅಂತ ಕರ್ಕೊಂಡು ಹೋದ್ರು. ಸುಮಾರು ದಿನ ಆದ್ಮೇಲೆ ಅಪ್ಪ ಹೋಗಿ ನಮ್ಮ ಮನೆಗೆ ಕರ್ಕೊಂಡು ಬಂದ್ರು. ಏನಾಯ್ತು ಅಂತ ನಮಗೆ ಯಾರೂ ಹೇಳಲಿಲ್ಲ. "ಅತ್ತೆಗೆ ಹುಷಾರಿಲ್ಲ, ಗಲಾಟೆ ಮಾಡಬೇಡಿ." ಇಷ್ಟೇ.

ಜೀಪಿನ ಸದ್ದು ಕೇಳಿದ್ರೆ ಸಾಕು, ಅತ್ತೆ ರಾಗಿ ಕಣಜದ ಹಿಂದೆ ಹೋಗಿ ಕೂತ್ಕೊಳೋರು. ನಾವು ಮಕ್ಕಳು ಅದನ್ನೆಲ್ಲ ನೋಡಿ ನಮ್ಮಷ್ಟಕ್ಕೆ ಕಥೆ ಕಟ್ಕೊಂಡ್ವಿ. ತಂಗಿ ಪ್ರಕಾರ ಅತ್ತೆಗೆ ಅಂಟುರೋಗ, ಅವರು ಮುಟ್ಟಿದ ಲೋಟದಲ್ಲಿ ನೀರು ಕುಡೀತಿರಲಿಲ್ಲ. ನನ್ನ ಪ್ರಕಾರ ಅತ್ತೆ ಏನೋ ಕದ್ದಿದ್ದಾರೆ, ಇವತ್ತಲ್ಲ ನಾಳೆ ಜೀಪು ನಮ್ಮ ಮನೆಗೂ ಬಂದು ಅಪ್ಪನ್ನ ಕರ್ಕೊಂಡು ಹೋಗುತ್ತೆ. ಎಷ್ಟೋ ವರ್ಷ ಅಪ್ಪ ಸಂತೆಗೆ ಹೋದ್ರೆ ನನಗೆ ಹೊಟ್ಟೆನೋವು ಬರೋದು. ಮನೇಲಿ ಎಲ್ಲರೂ ಅದನ್ನ ಹುಳದ ಕಾಟ ಅಂತಿದ್ರು.

2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ಆ ಹುಡುಕಾಟದಲ್ಲಿ ಪೊಲೀಸ್ರಿಂದ ಹಿಂಸೆ ಪಟ್ಟ 89 ಜನಕ್ಕೆ ಪರಿಹಾರ ಕೊಡಬೇಕು ಅಂತ ಹೇಳಿದ ಸುದ್ದಿ ಪೇಪರಲ್ಲಿ ಬಂತು. ನಾನಾಗ ಕಾಲೇಜಲ್ಲಿದ್ದೆ. ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಓದ್ತಾ ಓದ್ತಾ ಅತ್ತೆಗೆ ಏನಾಗಿರಬಹುದು ಅಂತ ಮೊದಲನೇ ಸಲ ಹೊಳೀತು.

ಎಲ್ಲಾ ವಿವರ ಮಕ್ಕಳಿಗೆ ಬೇಕಿರಲಿಲ್ಲ. "ಅತ್ತೆಗೆ ಕೆಲವರು ತುಂಬಾ ನೋವು ಕೊಟ್ಟಿದ್ದಾರೆ, ಅತ್ತೆದೇನೂ ತಪ್ಪಿಲ್ಲ, ಅಪ್ಪನ್ನ ಯಾರೂ ಕರ್ಕೊಂಡು ಹೋಗಲ್ಲ." ಮೂರು ಮಾತು ಸಾಕಾಗ್ತಿತ್ತು. ಅಡ್ಕದಮನೆಯವರೇ, ನಿಮ್ಮ ಚಿಕ್ಕ ಮಗಳ ಮನಸ್ಸಲ್ಲೂ ಹಿಂಗೇ ಏನೋ ಓಡ್ತಿರುತ್ತೆ. ದೊಡ್ಡಮ್ಮ ದೊಡ್ಡಪ್ಪ ಕಾರಲ್ಲಿ ಹೋಗಿ ಸತ್ತರು, ನಮ್ಮಪ್ಪ ಸ್ಕೂಟರಲ್ಲಿ ಹೋಗ್ತಾರೆ. ಕೇಳಿ ನೋಡಿ.

ಮಣ್ಣಗುಡ್ಡೆ (ಊರು ಮಂಜೇಶ್ವರ, ಕೆಲಸ ಮಂಗಳೂರು)

ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ, ಮಕ್ಕಳ ಜೊತೆಯೇ ಹೆಚ್ಚು ಕೆಲಸ. ನೋಡದೆ ಯಾರಿಗೂ ಇಂಥದ್ದೇ ಎಂದು ಹೇಳಲಿಕ್ಕಾಗುವುದಿಲ್ಲ, ಆದರೂ ಕೆಲವು ವಿಷಯ ಬರೆಯುತ್ತೇನೆ.

ಮೊದಲು ಗೆರಟೆ. ಮಕ್ಕಳು ನಡೆದದ್ದನ್ನು ಬಾಯಲ್ಲಿ ಹೇಳುವ ಮೊದಲು ಆಟದಲ್ಲಿ ಹೇಳುತ್ತಾರೆ. ಆರು ವರ್ಷದವಳು ಕೇಳಿಸಿಕೊಂಡದ್ದನ್ನು ಆಡುತ್ತಿದ್ದಾಳೆ, ಒಂಬತ್ತು ವರ್ಷದವಳು ಕಂಡದ್ದನ್ನು. ಇಬ್ಬರೂ ಸೇರಿ ಆಡಿದ್ದು ನನಗಂತೂ ಕೆಟ್ಟ ಲಕ್ಷಣವಾಗಿ ಕಾಣಲಿಲ್ಲ. ಪಕ್ಕದಲ್ಲಿ ಕೂತು ನೋಡಿ. ದಿನ ಕಳೆದ ಹಾಗೆ ಆಟ ಬದಲಾಗುತ್ತಾ ಹೋದರೆ, ಅಂದರೆ ಆಂಬ್ಯುಲೆನ್ಸ್ ಬರುತ್ತದೆ, ಯಾರೋ ಎತ್ತುತ್ತಾರೆ, ಒಬ್ಬರು ಬದುಕುತ್ತಾರೆ, ಹೀಗೆ ಆದರೆ ಒಳ್ಳೆಯದೇ. ಅದೇ ಬೀಳುವುದು, ಅದೇ ಸಾಯುವುದು ತಿಂಗಳುಗಟ್ಟಲೆ ಚೂರೂ ಬದಲಾಗದೆ ನಡೆದರೆ, ಆಡಿದ ಮೇಲೆ ಮಗು ಇನ್ನಷ್ಟು ಬಿಗಿಯಾದರೆ, ಆಗ ತೋರಿಸಬೇಕು.

ಹಾಸಿಗೆ ಒದ್ದೆ. ನಿಂತಿದ್ದ ಅಭ್ಯಾಸ ಮತ್ತೆ ಬಂದರೆ ಮನಸ್ಸಿನ ಮೇಲೆ ಹಾಕುವ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಸೋಂಕು ಇದ್ದರೂ ಹೀಗಾಗುತ್ತದೆ. ಅದು ಇಲ್ಲ ಎಂದಾದರೆ, ಮನೆಯ ಗಾಳಿ ಬದಲಾದಾಗ ಸಣ್ಣ ಮಕ್ಕಳು ಹೀಗೆ ಒಂದು ಮೆಟ್ಟಿಲು ಹಿಂದೆ ಹೋಗುವುದು ನಾವು ದಿನಾ ನೋಡುವಂಥದ್ದು. ಬೈಯದೆ, ಅಣ್ಣ ಅಕ್ಕನ ಎದುರು ಮಾತೆತ್ತದೆ ಬಟ್ಟೆ ಬದಲಿಸಿದರೆ ಹೆಚ್ಚಿನವರಿಗೆ ತಾನಾಗಿ ನಿಲ್ಲುತ್ತದೆ. ಇನ್ನೊಂದು, ಐದಾರು ವರ್ಷದ ಮಕ್ಕಳಿಗೆ ಸಾವು ಎಂದರೆ ಹೋದವರು ಬರುವುದೇ ಇಲ್ಲ ಎಂಬುದು ಪೂರ್ತಿ ಇಳಿದಿರುವುದಿಲ್ಲ. "ದೇವರ ಹತ್ತಿರ ಹೋಗಿದ್ದಾರೆ", "ಮಲಗಿದ್ದಾರೆ" ಎಂದರೆ ಮಲಗಲಿಕ್ಕೇ ಹೆದರುತ್ತಾರೆ. ಸತ್ತರು, ಮೈ ಕೆಲಸ ಮಾಡುವುದು ನಿಂತಿತು, ಬರುವುದಿಲ್ಲ ಎಂದೇ ಹೇಳಿ. ಹೇಳುವವರ ಗಂಟಲು ಕಟ್ಟುತ್ತದೆ, ಗೊತ್ತು.

ದೊಡ್ಡವಳ ವಿಷಯದಲ್ಲಿ ಮಾತ್ರ ಕಾಯಬೇಡಿ. ಇಂಥ ಘಟನೆಯಾದ ಮೊದಲ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚುವುದು ಯಾರಿಗೂ ಆಗುತ್ತದೆ. ಒಂದು ತಿಂಗಳು ಕಳೆದ ಮೇಲೂ ರಾತ್ರಿ ಏಳುವುದು, ವಾಹನ ಹತ್ತದೆ ಇರುವುದು ಉಳಿದಿದ್ದರೆ ಮಕ್ಕಳ ಮಾನಸಿಕ ತಜ್ಞರು ನೋಡಬೇಕು. ಇದಕ್ಕೆಂದೇ ಮಾತಿನ ಚಿಕಿತ್ಸೆ ಇದೆ, ಅದರಲ್ಲಿ ಮನೆಯವರನ್ನೂ ಕೂರಿಸಿಕೊಳ್ಳುತ್ತಾರೆ. ಧೈರ್ಯ ಬರಲಿ ಎಂದು ಒತ್ತಾಯದಲ್ಲಿ ಕಾರಿಗೆ ಹತ್ತಿಸಲಿಕ್ಕೆ ಹೋಗಬೇಡಿ.

ಕಾಸರಗೋಡಿನವರ ಹಳೇ ಗೋಳು ಇಲ್ಲಿಯೂ ಉಂಟು. ಕೌನ್ಸೆಲರ್ ಸಿಕ್ಕಿದರೆ ಮಲಯಾಳ ಮಾತ್ರ, ಮಗುವಿಗೆ ಕನ್ನಡ ಮಾತ್ರ. ಅಮ್ಮ ಸತ್ತ ವಿಷಯವನ್ನು ದುಭಾಷಿ ಇಟ್ಟುಕೊಂಡು ಮಾತಾಡಿಸುವುದು ಹೇಗೆ? ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಭಾಷೆ ಆರಿಸಿಕೊಳ್ಳಬಹುದು, ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ. ಅದು ಮೊದಲ ಮಾತಿಗೆ ಸಾಕು. ಮುಂದಕ್ಕೆ ಕನ್ನಡ ಬಲ್ಲವರು ಬೇಕಾದರೆ ಮಂಗಳೂರೇ ಹತ್ತಿರ.

ಅಕ್ಕಲಕೋಟ_ಓಣಿ (ಅಕ್ಕಲಕೋಟ, ಸೋಲಾಪುರ ಜಿಲ್ಲಾ)

ನಮ್ಮದು ಬ್ಯಾರೇ ಕಥಿ ಅದರೀ, ಆದ್ರ ಮಕ್ಕಳ ಕಡಿಂದ ನೋಡಿದ್ರ ಇದರ ಹತ್ತರದ್ದೇ.

ನನ್ನ ತಮ್ಮ ಚಾದರ್ ಕಾರಖಾನ್ಯಾಗ ಕೆಲಸಕ್ಕಿದ್ದ. ಬೆಂಕಿ ಬಿತ್ತು. ಜೋಡಿ ಕೆಲಸ ಮಾಡೂ ಗೆಳ್ಯಾ ಹೋದ, ಇವನ ಎರಡೂ ಕೈ ಸುಟ್ಟು ಜೀವ ಉಳೀತು. ದವಾಖಾನಿಂದ ಸೀದಾ ನಮ್ಮನಿಗೆ ಬಂದ. ನನ್ನ ಮಕ್ಕಳಿಗೆ ಕಾಕಾ ಅಂದ್ರ ಪ್ರಾಣ. ಜಾತ್ರಿಗೆ ಕರಕೊಂಡು ಹೋಗಾಂವ, ಹೆಗಲ ಮ್ಯಾಲ ಕುಂಡರಿಸಿಕೊಳ್ಳಾಂವ. ಈಗ ಬಂದ ಕಾಕಾ ಮಾತಾಡಂಗಿಲ್ಲ, ನಗಂಗಿಲ್ಲ. ಗ್ಯಾಸ್ ಹಚ್ಚಿದ ಸಪ್ಪಳ ಆದ್ರ ಎದ್ದು ಅಂಗಳಕ್ಕ ಹೋಗಿ ನಿಂದರ್ತಾನ. ನಡರಾತ್ರಿ ಚೀರ್ತಾನ. ಒಂದಿನ ಸಣ್ಣ ಮಗಾ ಎಬ್ಬಸಾಕ ಹೋಗಿ ಮೈ ಮುಟ್ಟಿದ. ಅಂವ ಅರನಿದ್ದ್ಯಾಗ ಕೈ ಬೀಸಿದ, ಹುಡುಗನ ತುಟಿ ಒಡೀತು. ಮುಂಜಾನಿ ಅದನ್ನ ನೋಡಿ ನನ್ನ ತಮ್ಮ ಊಟಾ ಬಿಟ್ಟ.

ಡಾಕ್ಟರು ಹೇಳಿದ್ದು ಇಷ್ಟರೀ. ಮುಟ್ಟಬ್ಯಾಡ್ರಿ, ಬಾಗಲದಾಗ ನಿಂತು ಹೆಸರ ಹಿಡದು ಕರೀರಿ, ಲೈಟ್ ಹಚ್ಚರಿ, "ನೀ ಮನ್ಯಾಗ ಅದಿ" ಅನ್ರಿ. ಮಕ್ಕಳಿಗೂ ಹೇಳಿದ್ವಿ, ಆದ್ರ ಎಬ್ಬಸೂದು ನಿಮ್ಮ ಕೆಲಸ ಅಲ್ಲ, ನಮ್ಮನ್ನ ಕರೀರಿ ಅಂತ. ಮಕ್ಕಳನ್ನ ಕಾವಲಿಗೆ ಹಚ್ಚಬಾರದ್ರಿ. ನನ್ನ ಮಗಳು ಒಂದಿಷ್ಟು ದಿನ ತಾನ ಕಾಕಾನ ದಾದಿ ಆಗಿಬಿಟ್ಟಿದ್ಲು, ಆಟಾ ಬಿಟ್ಟು ಅಂವನ ಮಾರಿ ನೋಡಕೋತ ಕುಂಡ್ರಾಕಿ. ಮಂದಿ ಎಲ್ಲಾ "ಎಷ್ಟ ಶಾಣ್ಯಾಕಿ" ಅಂತಿದ್ರು. ಶಾಣ್ಯಾತನ ಅಲ್ಲದು, ಹೆದರಿಕಿ. "ಅಪ್ಪಾ, ಕಾಕಾಗ ನಮ್ಮ ಮ್ಯಾಲ ಸಿಟ್ಟದನ?" ಅಂತ ಕೇಳಿದಾಗ ತಿಳೀತು.

ದೀಪಾವಳಿ ಬಂತು. ಪಟಾಕ್ಷಿ ಬ್ಯಾಡ ಅಂದ್ರ ಮಕ್ಕಳು ಅಳಾಕತ್ತಿದ್ರು, ಹಚ್ಚಿದ್ರ ತಮ್ಮಗ ತ್ರಾಸ. ನಾನು ಮಕ್ಕಳನ್ನ ಊರ ಹೊರಗ ಹೊಲಕ್ಕ ಕರಕೊಂಡು ಹೋಗಿ ಅಲ್ಲೇ ಹಚ್ಚಿಸಿದ್ಯಾ. ಇಬ್ಬರ ಹಬ್ಬಾನೂ ಉಳೀತು. ನಿಮ್ಮ ಮಗನ ಕ್ರಿಕೆಟ್ ಬಿಡಸಬ್ಯಾಡ್ರಿ ಅಕ್ಕಾರ. ಮನಿಯಾಗಿನ ಉಸಿರು ಬಿಗಿ ಆದಾಗ ಅಂವಗ ಅದೊಂದ ಕಿಟಕಿ.

ಪೆರ್ಲದವ

ನನ್ನ ಮಾತಿಗೆ ಎಲ್ಲರೂ ಎಗರಿದಿರಿ. ನೂಲು ಕಟ್ಟಿದರೆ ಯಾರಿಗೆ ನಷ್ಟ?

ಮಣ್ಣಗುಡ್ಡೆ

ನೂಲಿನಿಂದ ನಷ್ಟ ಇಲ್ಲ, ಅಜ್ಜನಿಗೆ ಸಮಾಧಾನ ಆಗುವುದಾದರೆ ಮೂವರಿಗೂ ಕಟ್ಟಿಸಲಿ. ನಷ್ಟ ಇರುವುದು ಹಾಸ್ಟೆಲ್ಲಿನ ಮಾತಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಒಂದೇ ಗಳಿಗೆಯಲ್ಲಿ ಹೋದ ಮಗುವನ್ನು "ಉಳಿದವರಿಗೆ ನೆಮ್ಮದಿ" ಎಂದು ಇನ್ನೊಂದು ಕಡೆ ಕಳಿಸಿದರೆ ಅವಳು ಅದನ್ನು ಹೇಗೆ ತೆಗೆದುಕೊಂಡಾಳು? ನಿಮ್ಮ ಮಗ ಎಂತ ಕಲಿತಾನು? ಕಷ್ಟ ಕೊಟ್ಟವರನ್ನು ಈ ಮನೆಯಿಂದ ಕಳಿಸುತ್ತಾರೆ ಎಂದಲ್ವಾ. ನಾಳೆ ಅವನೂ ಕಷ್ಟ ಕೊಟ್ಟಾನು. ನವೋದಯದ ಬಗ್ಗೆ ನನ್ನದು ತಕರಾರಿಲ್ಲ. ಅವಳಿಗೇ ಓದಬೇಕೆಂದು ಆಸೆಯಾದರೆ ಆಗ ನೋಡಿಕೊಂಡರಾಯ್ತು.

ಪೆರ್ಲದವ

ಅದು ನಾನು ಆಲೋಚನೆ ಮಾಡಿರಲಿಲ್ಲ. ಆಯ್ತು.

ರಾಯದುರ್ಗದವಳು (ರಾಯದುರ್ಗ, ಅನಂತಪುರ ಜಿಲ್ಲೆ)

ಇಷ್ಟು ದಿನ ಬರೀ ಓದ್ತಿದ್ದೆ, ಇವತ್ತು ಬರೀಬೇಕು ಅನ್ನಿಸ್ತು. ನಾನು ಆ ಬಂದ ಹುಡುಗಿ. ನಿಮ್ಮ ಅಕ್ಕನ ಮಗಳಲ್ಲ, ಅವಳ ಥರದವಳು. ಎಂಟು ವರ್ಷಕ್ಕೆ ಸೋದರಮಾವನ ಮನೆಗೆ ಬಂದೆ. ಮನೇಲಿ ನಡೆದದ್ದು ಇಲ್ಲಿ ಬೇಡ.

ಮಾವ ಜೀನ್ಸ್ ಪ್ಯಾಂಟ್ ಹೊಲಿಯೋ ಕೆಲಸ ಮಾಡ್ತಿದ್ರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಉಗಾದಿಗೆ ಮೊದಲು ನನಗೆ ಬಟ್ಟೆ, ಆಮೇಲೆ ಅವರಿಗೆ. ಹೋಳಿಗೆ ಮೊದಲು ನನ್ನ ತಟ್ಟೆಗೆ. ಅತ್ತೆ ತುಂಬಾ ಒಳ್ಳೆಯವರು, ಪ್ರೀತಿಯಿಂದಾನೇ ಮಾಡ್ತಿದ್ರು. ಆದರೆ ಆ ಮೊದಲ ಹೋಳಿಗೆಗೆ ಲೆಕ್ಕ ಚುಕ್ತಾ ಆಗ್ತಿದ್ದದ್ದು ರಾತ್ರಿ, ಚಾಪೆ ಮೇಲೆ. ಮಾವನ ದೊಡ್ಡ ಮಗಳು ಹೊದಿಕೆ ಒಳಗಿಂದ ಕಾಲು ಚಿವುಟೋಳು. ನಾನು ಬಾಯಿ ಬಿಡ್ತಿರಲಿಲ್ಲ, ಬಿಟ್ಟರೆ ಕಳಿಸಿಬಿಡ್ತಾರೆ ಅಂತ. ನನಗೆ ವಿಶೇಷ ಏನೂ ಬೇಕಿರಲಿಲ್ಲ ರೀ. ಅವರ ನಡುವೆ ಕಾಣದಂಗೆ ಇದ್ದುಬಿಡಬೇಕು ಅನ್ನಿಸ್ತಿತ್ತು.

ಒಂದಿನ ಮೂವರೂ ಸೇರಿ ಮಾವನ ಕತ್ತರಿ ತಗೊಂಡು ಹೊಸಾ ಬಟ್ಟೆ ತುಂಡು ಮಾಡಿ ಗೊಂಬೆಗೆ ಲಂಗ ಹೊಲಿದ್ವಿ. ಅತ್ತೆ ಮೂವರಿಗೂ ಸಮಾ ಬೈದ್ರು. ನನಗೂ! ಹೆಸರು ಹಿಡಿದು! ನಾನು ಆವತ್ತು ರಾತ್ರಿ ಎದ್ದೇ ಇಲ್ಲ, ಬೆಳಗಿನ ತನಕ ನಿದ್ದೆ. ಮಾವನ ಮಗಳೂ ಚಿವುಟೋದು ಬಿಟ್ಟಳು. ಈಗ ಅವಳೂ ನಾನೂ ಒಂದೇ ಬೀದೀಲಿ ಇದ್ದೀವಿ, ಅವಳ ಮಗ ಊಟ ಮಾಡೋದು ನಮ್ಮನೇಲಿ.

ತಿಂಡಿ ಬಚ್ಚಿಡೋದರ ಬಗ್ಗೆ. ಅದು ಹಸಿವಲ್ಲ. ನಾಳೆ ಇರುತ್ತೋ ಇಲ್ವೋ ಅಂತ. ನಮ್ಮತ್ತೆ ಒಂದು ಡಬ್ಬಿ ಕೊಟ್ಟು ಇದು ನಿಂದು, ಖಾಲಿಯಾದರೆ ನಾನೇ ತುಂಬಿಸ್ತೀನಿ ಅಂದ್ರು. ನೀವು ಕೊಡೋದಾದ್ರೆ ಮೂರು ಡಬ್ಬಿ ಕೊಡಿ, ಒಂದಲ್ಲ.

ಬಂದವರು ಅಳೋದನ್ನ ದಯವಿಟ್ಟು ನಿಲ್ಲಿಸಿ. ನನ್ನನ್ನ ತಬ್ಬಿಕೊಂಡು ಅತ್ತ ಹೆಂಗಸರ ಪೌಡರ್ ವಾಸನೆ ಈಗಲೂ ನನಗೆ ಆಗಲ್ಲ.

ಕುಂಬಳೆಟೀಚರ್

ಅಮ್ಮಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಮ್ಮ ಸ್ಟಾಫ್‌ರೂಮಿನಲ್ಲಿಯೂ ಓದಿ ಹೇಳ್ತೇನೆ, ಅಡ್ಡಿ ಇಲ್ಲ ಅಲ್ವಾ?

ರಾಯದುರ್ಗದವಳು

ಹೇಳಿ ಟೀಚರ್.

ಕಡತದವ (ಕಾಸರಗೋಡು)

ಭಾವನೆಯ ಮಾತು ಎಲ್ಲರೂ ಆಡಿದ್ದಾರೆ, ನಾನು ಕಾಗದಪತ್ರದ ಮಾತು ಆಡುತ್ತೇನೆ. ವೃತ್ತಿಯಲ್ಲಿ ವಕೀಲ. ಮಕ್ಕಳ ನೆಮ್ಮದಿಗೂ ಇದಕ್ಕೂ ಎಂತ ಸಂಬಂಧ ಎಂದು ಕೇಳಬೇಡಿ, ಕೊನೆಗೆ ಹೇಳುತ್ತೇನೆ.

ಅಪಘಾತ ಪರಿಹಾರದ ಅರ್ಜಿ ಹಾಕಿದ್ದೀರಾ? 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು. ಮಳೆಗಾಲದ ಸುರು ಎಂದಿದ್ದೀರಿ, ಲೆಕ್ಕ ಹಾಕಿ, ಕಾಯಬೇಡಿ. ಘಟನೆ ನಡೆದದ್ದು ಕರ್ನಾಟಕದಲ್ಲಿ ಎಂದು ಅಲ್ಲಿಗೇ ಓಡಬೇಕೆಂದಿಲ್ಲ. ಅರ್ಜಿದಾರರು ವಾಸ ಇರುವ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿಯೂ ಹಾಕಬಹುದು. ಅಪ್ರಾಪ್ತ ಮಗುವಿನ ಪಾಲನ್ನು ಸಾಮಾನ್ಯವಾಗಿ ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ.

ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಗೂ ವಿಷಯ ತಿಳಿಸಿಡಿ. ಹೆದರಬೇಡಿ, ಮಗುವನ್ನು ಎತ್ತಿಕೊಂಡು ಹೋಗುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ 'ಸಂಬಂಧಿ' ಎಂದರೆ ತಂದೆಯ ಅಥವಾ ತಾಯಿಯ ಒಡಹುಟ್ಟಿದವರು ಮತ್ತು ಎರಡೂ ಕಡೆಯ ಅಜ್ಜ ಅಜ್ಜಿ. ಚಿಕ್ಕಮ್ಮನಾದ ನೀವು ಅದರಲ್ಲಿ ಬರುತ್ತೀರಿ. ಮುಂದೆ ದತ್ತು ಬೇಕೆಂದಾದರೆ ಸಂಬಂಧಿಕರಿಗೆ ಬೇರೆಯೇ ಕ್ರಮ ಉಂಟು, ಆದೇಶ ಕೊಡುವುದು ಈಗ ಜಿಲ್ಲಾಧಿಕಾರಿ. ದತ್ತು ಬೇಡ, ರಕ್ಷಕತ್ವ ಸಾಕು ಎಂದಾದರೆ 1890ರ ರಕ್ಷಕರು ಮತ್ತು ಪಾಲಿತರ ಕಾಯ್ದೆಯಡಿ ನ್ಯಾಯಾಲಯಕ್ಕೆ ಹೋಗಬಹುದು.

ಅಪ್ಪ ಅಥವಾ ಅಮ್ಮ ತೀರಿಹೋದ ಮಕ್ಕಳಿಗೆ ಕೇರಳ ಸಾಮಾಜಿಕ ಸುರಕ್ಷಾ ಮಿಷನ್ನಿನ 'ಸ್ನೇಹಪೂರ್ವಂ' ಎಂಬ ಯೋಜನೆ ಉಂಟು. ಒಂದರಿಂದ ಐದನೇ ಕ್ಲಾಸಿನವರೆಗೆ ತಿಂಗಳಿಗೆ 300 ರೂಪಾಯಿ, ಆರರಿಂದ ಹತ್ತಕ್ಕೆ 500. ಆದಾಯದ ಮಿತಿ ಉಂಟು, ಅರ್ಜಿ ಶಾಲೆಯ ಮೂಲಕ. ದೊಡ್ಡ ಮೊತ್ತ ಅಲ್ಲ, ಆದರೂ ಬಿಡುವುದು ಯಾಕೆ? ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಅರ್ಹರಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಉಂಟು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ.

ಈಗ ಸಂಬಂಧ. ಪರಿಹಾರದ ಹಣ ಬರುವ ಮೊದಲೇ ಸಂಬಂಧಿಕರ ಬಾಯಿ ಬರುತ್ತದೆ. "ಇವರಿಗೆಂತ, ಹುಡುಗಿಯ ದುಡ್ಡು ಉಂಟಲ್ಲ" ಎಂದು ಒಬ್ಬರು, "ಇವರದ್ದು ತಿಂದುಕೊಂಡು ಇದ್ದಾಳೆ" ಎಂದು ಇನ್ನೊಬ್ಬರು. ಎರಡೂ ಮಕ್ಕಳ ಕಿವಿಗೆ ಬೀಳುತ್ತದೆ, ಜಗಳದಲ್ಲಿ ವಾಪಸು ಬರುತ್ತದೆ. ಲೆಕ್ಕ ಬೇರೆ ಪುಸ್ತಕದಲ್ಲಿ ಇಡಿ. ಮಗನಿಗೆ ಇಷ್ಟು ಹೇಳಿದರೆ ಸಾಕು, ಅವಳ ಹಣ ಅವಳು ದೊಡ್ಡವಳಾದ ಮೇಲೆ ಅವಳಿಗೆ, ಮನೆಯ ಅನ್ನ ಎಲ್ಲರಿಗೆ.

ಅಕ್ಕಲಕೋಟ_ಓಣಿ

ವಕೀಲ್ ಸಾಹೇಬ್ರ, ಕಡೀ ಮಾತು ಚಲೋ ಹೇಳಿದ್ರಿ.

ಅಡ್ಕದಮನೆ

ಎಲ್ಲರಿಗೂ ಒಬ್ಬೊಬ್ಬರಾಗಿ ಉತ್ತರ ಬರೆಯಬೇಕಿತ್ತು. ಅಡಿಕೆ ಕೊಯ್ಲು ಸುರುವಾಗಿ ಪುರುಸೊತ್ತೇ ಆಗಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಮೂವರನ್ನೂ ಕೂರಿಸಿ ಹೇಳಿದೆವು. ಹೇಳಿದ್ದು ಇವರು, ನನಗೆ ಸ್ವರ ಹೊರಡಲಿಲ್ಲ. "ಅಕ್ಕ ಇನ್ನು ಇಲ್ಲಿಯೇ. ರಜೆಗೆ ಬಂದದ್ದಲ್ಲ. ದೊಡ್ಡವಳಾಗುವವರೆಗೆ ಇದೇ ಮನೆ." ಅವಳು ಏನೂ ಹೇಳಲಿಲ್ಲ. ಸಣ್ಣವಳು "ಹಾಗಾದರೆ ಅಕ್ಕನಿಗೆ ಬೇರೆ ಚೊಂಬು ಬೇಕು" ಎಂದಳು. ನಮ್ಮ ಮನೆಯಲ್ಲಿ ಸ್ನಾನಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಚೊಂಬು. ಇವಳಿಗೆ ಇಷ್ಟು ದಿನ ನೆಂಟರ ಸ್ಟೀಲಿನ ಚೊಂಬು ಕೊಡ್ತಾ ಇದ್ದೆವು! ಮಗ ಮಾತ್ರ ಎದ್ದು ಹೋಗಿ ತೋಟದಲ್ಲಿ ನೀರಿಗಾಗಿ ಗುಡ್ಡ ಕೊರೆದ ಸುರಂಗದ ಬಾಯಿಯ ಹತ್ತಿರ ಕೂತ. ಸಂಜೆ ಬಂದು ಕೋಣೆಯ ವಿಷಯ ತೆಗೆದ. "ಅವಳು ಇರಲಿ. ಕೋಣೆ ನನಗೆ ಕೊಡಿ."

ನಾನು ಇಲ್ಲ ಎನ್ನುವ ಮೊದಲೇ ಅವಳು, "ನನಗೆ ಆ ಕೋಣೆ ಬೇಡ ಚಿಕ್ಕಮ್ಮ. ಒಬ್ಬಳೇ ಮಲಗಲಿಕ್ಕೆ ಹೆದರಿಕೆ ಆಗ್ತದೆ" ಎಂದಳು. ನಾವು ದೊಡ್ಡ ಉಪಕಾರ ಎಂದು ಕೊಟ್ಟದ್ದು ಅವಳಿಗೆ ಬೇಕೇ ಇರಲಿಲ್ಲ. ಈಗ ಇಬ್ಬರು ಹುಡುಗಿಯರು ನಮ್ಮ ಕೋಣೆಯ ಪಕ್ಕದ ನಡುಮನೆಯಲ್ಲಿ, ಬಾಗಿಲು ತೆರೆದೇ ಇರ್ತದೆ. ರಾತ್ರಿ ಏಳುವುದು ನಿಂತಿಲ್ಲ. ಎದ್ದರೆ ಇವರು ಮಲಗಿದಲ್ಲಿಂದಲೇ "ಇದ್ದೇವೆ ಮಗಾ" ಎನ್ನುತ್ತಾರೆ, ವಾಪಸು ಹೋಗಿ ಮಲಗ್ತಾಳೆ.

ಗಡಿಯಾಚೆಯವರು ಹೇಳಿದ ಹಾಗೆ ಸಣ್ಣವಳ ಹತ್ತಿರ ಕೇಳಿದೆ. ಅವಳದ್ದು ಸ್ಕೂಟರ್ ಅಲ್ಲ. ಶಿರಾಡಿಗೆ ಹೋಗುವ ಹಿಂದಿನ ದಿವಸ ದೊಡ್ಡಮ್ಮನ ಫೋನು ಬಂದಿತ್ತು, ಇವಳು ಯಾವುದೋ ಸಿಟ್ಟಿನಲ್ಲಿ ಮಾತಾಡುವುದಿಲ್ಲ ಎಂದಿದ್ದಳು. ಅದರಿಂದ ಹಾಗಾದದ್ದಾ ಎಂದು ಕೇಳಿದಳು. ಆರು ವರ್ಷದ ಮಗು ಇಷ್ಟು ದಿನ ಅದನ್ನು ಹೊತ್ತುಕೊಂಡಿತ್ತು. ಅಲ್ಲ, ಲಾರಿಯ ಬ್ರೇಕಿನಿಂದ ಆದದ್ದು, ಮಾತಿನಿಂದ ಯಾರೂ ಸಾಯುವುದಿಲ್ಲ ಎಂದು ಹೇಳಿದ್ದೇನೆ. ಒಂದೇ ಸಲಕ್ಕೆ ನಂಬಲಿಲ್ಲ, ಮರುದಿವಸ ಪುನಃ ಕೇಳಿದಳು. ಮೂತ್ರ ಪರೀಕ್ಷೆಯಲ್ಲಿ ಏನೂ ಇಲ್ಲ.

ಚಾಕಲೇಟಿನವರಿಗೆ ಇವರು ಫೋನಿನಲ್ಲಿಯೇ ಹೇಳಿದ್ದಾರೆ, ತರುವುದಾದರೆ ಮೂರು ತನ್ನಿ, ಕೂಗುವುದಾದರೆ ಗೇಟಿನ ಹೊರಗೆ ಕೂಗಿ ಒಳಗೆ ಬನ್ನಿ ಎಂದು. ಒಬ್ಬರು ಅತ್ತೆಗೆ ಕೋಪ ಬಂದಿದೆ. ಬರಲಿ.

ಮಂಗಳೂರಿನಲ್ಲಿ ಡಾಕ್ಟರ ದಿನ ಗೊತ್ತಾಗಿದೆ. ಆದರೆ ಕಾರು, ರಿಕ್ಷಾ ಎರಡೂ ಆಗದಿದ್ದರೆ ಕರೆದುಕೊಂಡು ಹೋಗುವುದು ಹೇಗೆ?

ಮಣ್ಣಗುಡ್ಡೆ

ರೈಲು ಹತ್ತುತ್ತಾಳಾ ಕೇಳಿ. ಎಷ್ಟೋ ಮಕ್ಕಳಿಗೆ ಕಾರು ಮಾತ್ರ ಆಗುವುದಿಲ್ಲ, ರೈಲು ಆಗುತ್ತದೆ. ಕುಂಬಳೆಯಲ್ಲಿ ಹತ್ತಿದರೆ ಮಂಗಳೂರು ಸೆಂಟ್ರಲ್‌ಗೆ ನೇರ. ಸ್ಟೇಷನ್ನಿನವರೆಗೆ ಬಸ್ಸಿನಲ್ಲಿ ಕೂರುತ್ತಾಳೆ ಎಂದಾದರೆ ನಡುವಿನ ಸೀಟು, ಕಿಟಕಿಯ ಪಕ್ಕ ಬೇಡ. ಮೊದಲೇ ಹೇಳಿ, ಎಲ್ಲಿ ಹತ್ತುವುದು, ಎಲ್ಲಿ ಇಳಿಯುವುದು, ಎಷ್ಟು ಹೊತ್ತು ಎಂದು.

ಅಡ್ಕದಮನೆ

ಕೇಳಿದೆ. ರೈಲು ಆಗಬಹುದು ಎಂದಳು. ಬಸ್ಸಿಗೆ "ಅಣ್ಣ ಬಂದರೆ ಹತ್ತುತ್ತೇನೆ" ಎಂದಳು. ಇವನಿಗೆ ಆ ದಿವಸ ಶಾಲೆಯಲ್ಲಿ ಮ್ಯಾಚ್ ಉಂಟು. ಬರ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಅಕ್ಕಲಕೋಟ_ಓಣಿ

ಮ್ಯಾಚ್ ಬಿಡಸಬ್ಯಾಡ್ರಿ ಅಕ್ಕಾರ. ಡಾಕ್ಟರ ದಿನ ಬದಲಿ ಆಗ್ತದನ ಕೇಳ್ರಿ ಮೊದಲ.

ಅಡ್ಕದಮನೆ

ಹೌದಲ್ಲ. ನಾಳೆ ಫೋನು ಮಾಡ್ತೇನೆ. ಕಡತದವರೇ, ಸ್ನೇಹಪೂರ್ವಕ್ಕೆ ಇಬ್ಬರದ್ದೂ ಮರಣ ಪ್ರಮಾಣಪತ್ರ ಬೇಕಾ? ಭಾವನದ್ದು ಕೈಗೆ ಬಂದಿದೆ, ಅಕ್ಕನದ್ದು ಇನ್ನೂ ಬಂದಿಲ್ಲ.

ಕಡತದವ

ಎರಡೂ ಇಟ್ಟುಕೊಳ್ಳಿ. ಅದಕ್ಕಿಂತ ಮೊದಲು ಅಪಘಾತದ ಅರ್ಜಿ. ಎಫ್‌ಐಆರ್ ಪ್ರತಿ ಇದ್ದರೆ ಸೋಮವಾರ ತನ್ನಿ, ನೋಡುವ.